ಅನಾಗರಿಕ ಎಂಬ ಪದಕ್ಕೆ ನಾನು ಹೇಳಿದ ಅರ್ಥ

ನನ್ನ ಹೆಂಡತಿ ಸುಮಿತ್ರಾ ವಾರಕ್ಕೆ ಎರಡು ಸಲವಾದರೂ ನನ್ನನ್ನು ರಾನಟಿ ಎಂದು ಕರೆಯುತ್ತಾಳೆ. ಅವಳ ತವರಿನ ಮಾತು ಮರಾಠಿ. ರಾನ ಎಂದರೆ ಕಾಡು; ರಾನಟಿ ಎಂದರೆ ಕಾಡಿನಿಂದ ನೆಟ್ಟಗೆ ಬೆಳಗಾವಿಯ ಟಿಳಕವಾಡಿಗೆ ಇಳಿದು ಬಂದವನು. ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದರೆ ರಾನಟಿ, ಚಹಾವನ್ನು ಬಸಿಗೆ ಸುರಿದುಕೊಂಡು ಸೊರ್ರನೆ ಹೀರಿದರೆ ರಾನಟಿ, ಅವಳ ಅಣ್ಣ ತನ್ನ ಬಡ್ತಿಯ ಕಥೆ ಹೇಳುತ್ತಿರುವಾಗ ಆಕಳಿಸಿದರೆ ಅಚ್ಚ ರಾನಟಿ. ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಕಲಿಸಿ, ಲೋಕದ ಹಳೆಯ ನಾಗರಿಕತೆಗಳ ಚರಂಡಿಗಳು ಯಾವ ಕಡೆ ಹರಿಯುತ್ತಿದ್ದವೆಂದು ಸಾವಿರಾರು ಹುಡುಗರಿಗೆ ಬಾಯಿಪಾಠ ಮಾಡಿಸಿದ ಮನುಷ್ಯನಿಗೆ ಈ ಬಿರುದು! ಆದರೂ ನಾನು ತಕರಾರು ಮಾಡಿದವನಲ್ಲ. ಮನೆಯೊಳಗೆ ಬೈಸಿಕೊಂಡವನಿಗೆ ಹೊರಗೆ ಬೈಯುವ ಹಕ್ಕು ತಾನಾಗಿ ಬರುತ್ತದೆ ಎಂದು ನಂಬಿದ್ದೆ. ಆ ಹಕ್ಕನ್ನು ಖಾನಾಪುರದ ಕಡೆ ಹೋಗಿ ಚಲಾಯಿಸಿಯೂ ಬಂದೆ. ಅದನ್ನೇ ನಿಮಗೆ ಹೇಳಬೇಕೆಂದಿದ್ದೇನೆ. ಅದರಲ್ಲಿ ನನ್ನ ಪಾತ್ರ ಹೇಳಿಕೊಳ್ಳುವಂಥದ್ದಲ್ಲ. ಹೇಳಿಕೊಳ್ಳುವಂಥದ್ದಾಗಿದ್ದರೆ ಈಗಾಗಲೇ ಹತ್ತು ಸಭೆಗಳಲ್ಲಿ ಹೇಳಿಬಿಟ್ಟಿರುತ್ತಿದ್ದೆ.

ಬೈಗುಳಗಳ ಜಾತಕ ತೆಗೆದು ನೋಡುವುದು ನನ್ನ ಹಳೆಯ ಚಟ. ಗ್ರೀಕರಿಗೆ ಪರಭಾಷೆಯವರ ಮಾತೆಲ್ಲ ‘ಬರ್ ಬರ್’ ಎಂದು ಕೇಳಿಸುತ್ತಿತ್ತಂತೆ. ಆದ್ದರಿಂದ ಅವರೆಲ್ಲ ಬರ್ಬರರು. ನಮ್ಮವರೇನೂ ಹಿಂದೆ ಬೀಳಲಿಲ್ಲ. ಯಾರ ನಾಲಗೆ ನಮ್ಮ ಹಾಗೆ ಹೊರಳುವುದಿಲ್ಲವೋ ಅವನು ಮ್ಲೇಚ್ಛ. ಅಂದರೆ ಅನಾಗರಿಕನಾಗಲು ನೀವು ಯಾರನ್ನೂ ಕಡಿಯಬೇಕಾಗಿಲ್ಲ, ಸುಡಬೇಕಾಗಿಲ್ಲ. ನಿಮ್ಮ ಮಾತು ಇನ್ನೊಬ್ಬನಿಗೆ ತಿಳಿಯದಿದ್ದರೆ ಸಾಕು. ತಿಳಿಯದವನದಲ್ಲ, ಆಡಿದವನದೇ ತಪ್ಪು. ಈ ನಿಯಮವನ್ನು ಬೆಳಗಾವಿಗೆ ಹಚ್ಚಿದರೆ ಕಾಯಿಪಲ್ಲೆ ಪೇಟೆಯಲ್ಲಿ ನಿಂತ ಅರ್ಧ ಜನ ಉಳಿದರ್ಧ ಜನಕ್ಕೆ ಬರ್ಬರರಾಗಬೇಕು. ಬದನೆಕಾಯಿಯ ದರ ಎರಡೂ ಭಾಷೆಯಲ್ಲಿ ಎಲ್ಲರಿಗೂ ತಿಳಿಯುವುದರಿಂದ ಊರು ಉಳಿದುಕೊಂಡಿದೆ. ಇನ್ನು ನಮ್ಮ ಮಾತನ್ನು ಬೆಂಗಳೂರಿಗೆ ಒಯ್ದರಂತೂ ಮುಗಿಯಿತು. ನಾನು ಒಮ್ಮೆ ಅಲ್ಲಿನ ಹೋಟೆಲಿನಲ್ಲಿ ಬಹಳ ವಿನಯದಿಂದ ಚಹಾ ಕೇಳಿದಾಗ ಮಾಣಿ ಎರಡು ಹೆಜ್ಜೆ ಹಿಂದೆ ಸರಿದು ಮಾಲೀಕನನ್ನು ಕರೆದಿದ್ದ.

‘ಜಂಗ್ಲಿ’ಯದು ಇನ್ನೂ ಮಜವಾಗಿದೆ. ಅದರ ಮೂಲವಾದ ಜಾಂಗಲ ಎಂಬ ಪದಕ್ಕೆ ಹಳೆಯ ವೈದ್ಯ ಗ್ರಂಥಗಳಲ್ಲಿ ಮರಗಿಡ ಕಡಿಮೆಯಿರುವ ಒಣ ಭೂಮಿ ಎಂದು ಅರ್ಥ. ಆ ಲೆಕ್ಕದಲ್ಲಿ ಖಾನಾಪುರದ ದಟ್ಟ ಕಾಡಿನವರು ಜಂಗ್ಲಿಗಳೇ ಅಲ್ಲ. ಅಂಗಳದ ಮಾವಿನ ಮರ ಕಡಿಸಿ ಫರಸಿ ಕಲ್ಲು ಹಾಕಿಸಿಕೊಂಡ ನಾವು ಟಿಳಕವಾಡಿಯವರು ಜಂಗ್ಲಿಗಳು. ನಾಗರಿಕ ಎಂಬ ಪದಕ್ಕಾದರೂ ಒಳ್ಳೆಯ ಹೆಸರಿದೆಯೇ ಎಂದರೆ, ಸಂಸ್ಕೃತದಲ್ಲಿ ಅದಕ್ಕೆ ಸಭ್ಯ ಎನ್ನುವುದರ ಜೊತೆಗೆ ಚತುರ, ಠಕ್ಕ ಎಂಬ ಅರ್ಥಗಳೂ ಅಂಟಿಕೊಂಡಿವೆ. ಇಷ್ಟೆಲ್ಲ ನನಗೆ ಗೊತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತಿರುವುದು ಏಕೆಂದರೆ, ಮನುಷ್ಯ ತಿಳಿಯದೆ ಇನ್ನೊಬ್ಬರನ್ನು ಹೀಗಳೆಯುತ್ತಾನೆ ಎಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ನಾನು ಎಲ್ಲ ತಿಳಿದೇ ಬರೆದೆ.

ಹೋದ ಚಳಿಗಾಲದಲ್ಲಿ ಮಾರುತಿ ಎಂಬ ನನ್ನ ಹಳೆಯ ವಿದ್ಯಾರ್ಥಿ ಮನೆಗೆ ಬಂದ. ಖಾನಾಪುರ ದಾಟಿ ಕಾಡಿನ ಅಂಚಿಗಿರುವ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ಅವನು ಮುಖ್ಯೋಪಾಧ್ಯಾಯ. ಶಾಲೆಗೆ ನೂರು ವರ್ಷ ತುಂಬಿತ್ತು. ಬಳಸದೆ ಬಿಟ್ಟಿದ್ದ ಒಂದು ಕೋಣೆಗೆ ಸುಣ್ಣ ಹೊಡೆಸಿ, ಸುತ್ತಲಿನ ಊರುಗಳಿಂದ ಹಳೆಯ ಸಾಮಾನು ತಂದಿಟ್ಟು, ಸಣ್ಣದೊಂದು ವಸ್ತುಸಂಗ್ರಹಾಲಯ ಮಾಡಬೇಕೆಂದು ಅವನ ಆಸೆ. ಒಂದೊಂದು ವಸ್ತುವಿನ ಕೆಳಗೂ ಅಂಟಿಸಲು ಎರಡೆರಡು ಸಾಲು ನಾನು ಬರೆದುಕೊಡಬೇಕು. ಅವನು ಫೋನಿನಲ್ಲಿ ಫೋಟೋ ಕಳಿಸಿದ. ನಾನು ಟಿಳಕವಾಡಿಯ ಮನೆಯ ಗ್ಯಾಲರಿಯಲ್ಲಿ ಕುಳಿತು, ವಸ್ತುಗಳನ್ನು ಮುಟ್ಟಿಯೂ ನೋಡದೆ, ಒಂದೇ ಬೆಳಗಿನಲ್ಲಿ ನಲವತ್ತು ಚೀಟಿ ಬರೆದು ಮುಗಿಸಿದೆ.

ಅವುಗಳಲ್ಲಿ ಎರಡನ್ನು ಮಾತ್ರ ಇಲ್ಲಿ ಹೇಳುತ್ತೇನೆ. ಆ ಭಾಗದ ಒಬ್ಬ ಮುಖಂಡರು ತಮ್ಮ ಮನೆತನದ ಕತ್ತಿಯೊಂದನ್ನು ಕೊಟ್ಟಿದ್ದರು. ಅದರ ಕೆಳಗೆ ‘ಖಡ್ಗ: ಈ ನೆಲದ ವೀರ ಪರಂಪರೆಯ ಹೆಮ್ಮೆಯ ಕುರುಹು’ ಎಂದು ಬರೆದೆ. ಇನ್ನೊಂದು, ಆಳೆತ್ತರದ ಮರದ ಕಡಗೋಲು. ಅದರ ಕೆಳಗೆ ‘ಕಡಗೋಲು: ಕಾಡಿನಲ್ಲಿ ವಾಸಿಸುತ್ತಿದ್ದ ಅನಾಗರಿಕ ಜನರು ಮಜ್ಜಿಗೆ ಕಡೆಯಲು ಬಳಸುತ್ತಿದ್ದ ಸಾಧನ’ ಎಂದು ಬರೆದೆ. ಕತ್ತಿ ತನ್ನ ಆಯುಷ್ಯದಲ್ಲಿ ಏನು ಮಾಡಿರಬಹುದು, ಕಡಗೋಲು ಏನು ಮಾಡಿರಬಹುದು ಎಂದು ಒಂದು ಗಳಿಗೆ ಯೋಚಿಸಿದ್ದರೂ ಕೈ ತಡೆಯುತ್ತಿತ್ತು. ಒಂದರಿಂದ ಬೆಣ್ಣೆ ಬಂತು, ಇನ್ನೊಂದರಿಂದ ರಕ್ತ ಬಂತು. ಆದರೆ ಕತ್ತಿಯ ಹಿಡಿಗೆ ಬೆಳ್ಳಿಯ ಕಟ್ಟಿತ್ತು. ಬೆಳ್ಳಿ ಕಂಡೊಡನೆ ನನ್ನ ಲೇಖನಿ ತಾನಾಗಿ ತಲೆಬಾಗಿತು. ಉಡುಪಿಯ ಕೃಷ್ಣನೂ ಕಡಗೋಲು ಹಿಡಿದೇ ನಿಂತಿದ್ದಾನೆ. ಅವನ ಗುಡಿಯ ಮುಂದೆ ಇಂಥ ಚೀಟಿ ಅಂಟಿಸುವ ಎದೆಗಾರಿಕೆ ನನಗಿಲ್ಲ.

ಉದ್ಘಾಟನೆಯ ಹಿಂದಿನ ದಿನ ಎಲ್ಲ ಸರಿಯಿದೆಯೇ ನೋಡಲು ಬಸ್ಸು ಹಿಡಿದು ಹೋದೆ. ಮಾರುತಿ ಶಾಮಿಯಾನದವರ ಜೊತೆ ಹೊರಗೆ ವಾದಿಸುತ್ತಿದ್ದ. ಕೋಣೆಯಲ್ಲಿ ಒಬ್ಬ ಹೆಂಗಸು ಕಡಗೋಲಿನ ಮುಂದೆ ನಿಂತು, ಬೆರಳಿಟ್ಟು, ಅಕ್ಷರ ಕೂಡಿಸಿ ಕೂಡಿಸಿ ಚೀಟಿ ಓದುತ್ತಿದ್ದಳು. ವಯಸ್ಸು ಐವತ್ತು ದಾಟಿರಬಹುದು. ತೆಳ್ಳಗೆ, ನೆಟ್ಟಗೆ ಇದ್ದಳು. ಅವಳು ಸೋನಾಬಾಯಿ, ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು. ಎಮ್ಮೆ ಸಾಕಿಕೊಂಡು ಕಾಡಿನಲ್ಲಿ ಬದುಕುವ ಗೌಳಿಗರವಳು. ಕಾಡಿನೊಳಗಿನ ಅವರ ಕೇರಿಯಾದ ವಾಡಾದಿಂದ ಎರಡು ಮೈಲಿ ನಡೆದು ಡಾಂಬರು ರಸ್ತೆಗೆ ಬಂದು, ಅಲ್ಲಿಂದ ಬಸ್ಸು ಹಿಡಿದು ಶಾಲೆಗೆ ಬರುತ್ತಾಳೆ. ಮನೆಯಲ್ಲಿ ಆಡುವುದು ಮರಾಠಿಯ ಅವರದೇ ಒಂದು ಬಗೆ. ಕನ್ನಡ ಓದು ಅವಳಿಗೆ ಯಾರೂ ಕಲಿಸಿದ್ದಲ್ಲ. ಅಡುಗೆಮನೆಯ ಗೋಡೆಯಾಚೆಗೆ ಒಂದನೇ ಇಯತ್ತೆ, ಅಂದರೆ ಒಂದನೇ ತರಗತಿ. ಹನ್ನೆರಡು ವರ್ಷ ಬೇಳೆ ಕುದಿಸುತ್ತ ಕೇಳಿಸಿಕೊಂಡದ್ದೇ ಅವಳ ವಿದ್ಯಾಭ್ಯಾಸ. ಇದನ್ನೆಲ್ಲ ಅವಳೇ ನಾಲ್ಕು ಮಾತಿನಲ್ಲಿ ಹೇಳಿದಳು. ಕಡಗೋಲು ಅವಳ ಅತ್ತೆಯದು. ಕಾರ್ಯಕ್ರಮ ಮುಗಿಯುವ ತನಕ ಇರಲೆಂದು ಮಾರುತಿ ಕೇಳಿ ತಂದಿದ್ದ.

“ಸರ್, ‘ಬಳಸುತ್ತಿದ್ದ’ ಅಂದ್ರ ಮೊದಲ ಬಳಸತಿದ್ರು, ಈಗ ಇಲ್ಲಂತ ಹೌದಲ್ರಿ?” ಎಂದು ಕೇಳಿದಳು.

ಹೌದೆಂದೆ.

“ನಾ ಇವತ್ತ ಮುಂಜಾನಿ ಕಡದ ಬಂದೇನ್ರಿ. ಇದನ್ನ ಇಲ್ಲಿ ಕೊಟ್ಟೇನಂತ ಬಾಜು ಮನಿಯಾಕಿದ ಇಸಕೊಂಡು ಕಡದೇನಿ.”

ಇತಿಹಾಸದವರಿಗೆ ಇದೊಂದು ಅನುಕೂಲ. ಯಾರನ್ನು ಎದುರು ನೋಡಲು ಇಷ್ಟವಿಲ್ಲವೋ ಅವರನ್ನು ಭೂತಕಾಲದ ಕ್ರಿಯಾಪದಕ್ಕೆ ಒಪ್ಪಿಸಿಬಿಡಬಹುದು. ನಾನು ಒಪ್ಪಿಸಿದ್ದ ಹೆಂಗಸು ಕೈಗೆ ಇನ್ನೂ ಮಜ್ಜಿಗೆಯ ವಾಸನೆ ಇಟ್ಟುಕೊಂಡು ನನ್ನ ಮುಂದೆ ನಿಂತಿದ್ದಳು. ಅದನ್ನು ತಿದ್ದಿಸುತ್ತೇನೆ ಎಂದು ತೊದಲಿದೆ. ಅಷ್ಟರಲ್ಲಿ ಅವಳ ಬೆರಳು ಮುಂದಿನ ಪದಕ್ಕೆ ಹೋಗಿತ್ತು. ಅ, ನಾ, ಗ, ರಿ, ಕ ಎಂದು ಓದಿ, ಇದು ಒಂದನೇ ಇಯತ್ತೆಯಲ್ಲಿ ಬಂದಿಲ್ಲ, ಇದಕ್ಕೆ ಏನರ್ಥ ಎಂದು ಕೇಳಿದಳು.

ತರಗತಿಯಲ್ಲಿ ನೂರು ಹುಡುಗರು ಒಟ್ಟಿಗೆ ಪ್ರಶ್ನೆ ಕೇಳಿದರೂ ಬೆವರದವನು ನಾನು. ಆ ಹೊತ್ತು ನನ್ನ ಕತ್ತಿನ ಹಿಂದೆ ನೀರಿಳಿಯಿತು. ಒಂದು ಪದವನ್ನು ಯಾರ ಬಗ್ಗೆ ಬರೆದಿದ್ದೇವೋ ಅವರ ಮುಖ ನೋಡಿಕೊಂಡು ಅದರ ಅರ್ಥ ಹೇಳುವ ಪ್ರಸಂಗ ಬಂದರೆ ನಮ್ಮ ನಿಘಂಟುಗಳು ಎಷ್ಟು ತೆಳ್ಳಗಾಗುತ್ತವೆಯೋ ಏನೋ. ನಾನು ವ್ಯುತ್ಪತ್ತಿಯ ಹಿಂದೆ ಅಡಗಿಕೊಂಡೆ.

“ನಗರದಾಗ ಇರದವರು ಅಂತ ಅರ್ಥ, ಬಾಯಿ. ಅಷ್ಟ,” ಎಂದೆ. ಅವಳು ಇನ್ನೂ ನನ್ನನ್ನೇ ನೋಡುತ್ತಿದ್ದುದರಿಂದ, ಕೇಳದಿದ್ದರೂ ಒಂದು ಮಾತು ಸೇರಿಸಿದೆ: “ಛಲೋ ಶಬ್ದ ಐತಿ.”

ಸೋನಾಬಾಯಿ ಆ ಪದವನ್ನು ಎರಡು ಸಲ ತುಟಿಯ ಮೇಲೆ ತಂದುಕೊಂಡಳು, ಸಾರಿಗೆ ಉಪ್ಪು ಸಾಕೇ ಎಂದು ನೋಡುವವರ ಹಾಗೆ. ತಾವು ನಗರದಲ್ಲಿಲ್ಲ, ಆದ್ದರಿಂದ ಅದು ಖರೇ ಐತಿ ಎಂದು ಒಪ್ಪಿಕೊಂಡಳು. ಹಾಗಾದರೆ ನಮ್ಮ ಗುರೂಜಿಯೂ ಅನಾಗರಿಕರೇ, ಅವರೂ ಹಳ್ಳಿಯವರಲ್ಲವೇ ಎಂದಳು. ಮಾರುತಿ ಹೊರಗಿದ್ದ, ಹೌದೆಂದುಬಿಟ್ಟೆ. ಚೀಟಿಯ ಅಂಟು ಇನ್ನೂ ಹಸಿಯಾಗಿತ್ತು. ಉಗುರು ಹಾಕಿ ಎಳೆದಿದ್ದರೆ ಕಿತ್ತು ಬರುತ್ತಿತ್ತು. ನನಗೆ ಬೆಳಗಾವಿಯ ಬಸ್ಸಿನ ಹೊತ್ತಾಗಿತ್ತು.

ಮರುದಿನದ ಸಮಾರಂಭ ಎಲ್ಲ ಸಮಾರಂಭಗಳ ಹಾಗೆ ಎರಡು ತಾಸು ತಡವಾಗಿ ಶುರುವಾಯಿತು. ಕತ್ತಿ ಕೊಟ್ಟ ಮುಖಂಡರೇ ಮುಖ್ಯ ಅತಿಥಿ. ಅವರು ಹುಟ್ಟಿದ್ದು ಆ ಶಾಲೆಯಿಂದ ಕೂಗಳತೆಯಲ್ಲಿರುವ ಹಳ್ಳಿಯಲ್ಲಿ. ಈಗ ಬೆಳಗಾವಿಯಲ್ಲಿ ದೊಡ್ಡ ಬಂಗಲೆ ಕಟ್ಟಿಸಿಕೊಂಡು ಇದ್ದಾರೆ. ವೇದಿಕೆಯ ಮೇಲೆ ನನಗೆ ಮೂರನೇ ಕುರ್ಚಿ. ಭಾಷಣಗಳಾದ ಮೇಲೆ ಮಾರುತಿ ಉತ್ಸಾಹದಿಂದ, ನಮ್ಮ ಸೋನಾಬಾಯಿ ಕಡಗೋಲಿನಿಂದ ಮಜ್ಜಿಗೆ ಕಡೆದು ತೋರಿಸುತ್ತಾರೆ ಎಂದು ಘೋಷಿಸಿದ. ಅವಳು ಹೊಸ ಹಸಿರು ಸೀರೆ ಕಚ್ಚೆ ಹಾಕಿ ಉಟ್ಟು, ಮೊಸರಿನ ಗಡಿಗೆ ತಂದು ಇಟ್ಟಳು. ಎರಡು ಸುತ್ತು ಕಡೆದಳೋ ಇಲ್ಲವೋ, ಮುಖಂಡರು ಮೈಕು ಹಿಡಿದು ಬಹಳ ಕನಿಕರದ ದನಿಯಲ್ಲಿ, ತಾಯಿ, ನೀವು ಯಾವ ಮಂದಿ ಎಂದು ಕೇಳಿ, ಮೈಕನ್ನು ಅವಳ ಬಾಯಿಗೆ ಹಿಡಿದರು.

ಅವಳು ಸೆರಗು ಸರಿಮಾಡಿಕೊಂಡು, ಶಾಲೆಗೆ ಒಪ್ಪುವ ಕನ್ನಡದಲ್ಲಿ, ನಿಧಾನವಾಗಿ ಹೇಳಿದಳು. “ನಾವು ಅನಾಗರಿಕ ಮಂದಿ ರೀ. ನಮ್ಮ ಗುರೂಜಿನೂ ಅನಾಗರಿಕರು. ಸಾಹೇಬರು ಈಗ ಬೆಳಗಾವ್ಯಾಗ ಅದಾರ, ಆದ್ರ ಅವರೂ ಹುಟ್ಟಿದ್ದು ನಮ್ಮ ಕಡೇನ. ಅವರೂ ಮೂಲ ಅನಾಗರಿಕರ.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಲ್ಲಿಂದ ನಗು ಶಿಕ್ಷಕರ ಸಾಲಿಗೆ, ಮಕ್ಕಳಿಗೆ, ಮುಖಂಡರ ಜೊತೆ ಬಂದವರಿಗೆ ಹಬ್ಬಿತು. ದೊಡ್ಡವರು ನಕ್ಕಿದ್ದು ನೋಡಿ, ಏನೂ ತಿಳಿಯದ ಒಂದನೇ ಇಯತ್ತೆಯ ಮಕ್ಕಳೂ ಬಿದ್ದು ಬಿದ್ದು ನಕ್ಕವು. ನಗದೆ ಇದ್ದವರು ಮೂವರೇ. ಮುಖಂಡರ ಮುಖ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಸೋನಾಬಾಯಿ ಮೊದಲು ನಗುವವರನ್ನು ಒಬ್ಬೊಬ್ಬರಾಗಿ ನೋಡಿದಳು, ತಾನು ಹೇಳಿದ್ದರಲ್ಲಿ ಯಾವುದು ಇಷ್ಟು ಹಾಸ್ಯದ್ದು ಎಂದು ಹುಡುಕುವವಳ ಹಾಗೆ. ಆಮೇಲೆ ನನ್ನ ಕಡೆ ನೋಡಿದಳು. ನಾನು ಆಹ್ವಾನ ಪತ್ರಿಕೆ ನೋಡುತ್ತಿದ್ದೆ. ಅದರಲ್ಲಿ ನನ್ನ ಹೆಸರಿನ ಕಾಗುಣಿತ ಸರಿಯಾಗಿತ್ತು. ಮತ್ತೆ ಮತ್ತೆ ಓದಿದೆ, ಸರಿಯಾಗಿಯೇ ಇತ್ತು.

ಮೈಕು ನನ್ನ ಕೈಗೆ ಎಟುಕುವಷ್ಟು ಹತ್ತಿರದಲ್ಲಿತ್ತು. ‘ಆ ಅರ್ಥ ಹೇಳಿಕೊಟ್ಟವನು ನಾನು’ ಎಂದರೆ ಮುಗಿಯುತ್ತಿತ್ತು. ಅಷ್ಟು ಮಾತಿಗೆ ವಿದ್ವತ್ತು ಬೇಕಿರಲಿಲ್ಲ. ನಾನು ಪುಟ ತಿರುಗಿಸಿದೆ.

ಅವಳು ಅಳಲಿಲ್ಲ. ಕಡಗೋಲನ್ನು ಗಡಿಗೆಯಿಂದ ಮೇಲೆತ್ತಿ, ಅಂಟಿದ ಮೊಸರನ್ನು ಹೊಸ ಸೀರೆಯ ಸೆರಗಿನಿಂದ ಒರೆಸಿ, ಹೆಗಲ ಮೇಲಿಟ್ಟುಕೊಂಡು, ಸಭೆಯ ನಡುವಿನಿಂದಲೇ ನಡೆದು ಹೋದಳು. ನಗು ಅವಳಿಗೆ ದಾರಿ ಬಿಟ್ಟುಕೊಟ್ಟು ಸುಮ್ಮನಾಯಿತು. ಅರ್ಧ ಕಡೆದ ಮೊಸರು ವೇದಿಕೆಯ ಮೇಲೆ ಉಳಿಯಿತು. ಆಮೇಲೆ ವಂದನಾರ್ಪಣೆ ನಡೆಯಿತು, ನನಗೆ ಶಾಲು ಹೊದಿಸಿದರು. ಫೋಟೋದಲ್ಲಿ ಬಹಳ ಸಂಸ್ಕಾರವಂತನಾಗಿ ಬಂದಿದ್ದೇನೆ.

ಮುಖಂಡರು ಬೆಳಗಾವಿಗೆ ಮರಳುವಾಗ ತಮ್ಮ ಕಾರಿನಲ್ಲೇ ನನ್ನನ್ನು ಕರೆದುಕೊಂಡು ಬಂದರು. ದಾರಿಯುದ್ದಕ್ಕೂ ಕುದಿಯುತ್ತಿದ್ದರು. ಆ ಕಾಡ ಹೆಣಮಗಳಿಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು, ಯಾರೋ ಆಗದವರು ಹೇಳಿಕೊಟ್ಟಿದ್ದಾರೆ ಎಂದರು. ಇರಬಹುದು ಎಂದೆ. ಈ ‘ಇರಬಹುದು’ ಎಂಬ ಪದದ ಬಗ್ಗೆ ಒಂದು ಪ್ರಬಂಧ ಬರೆಯಬಹುದು. ಅಷ್ಟು ಮೃದುವಾದ, ಅಷ್ಟು ಸಭ್ಯವಾದ, ಅಷ್ಟು ಹೇಡಿಯಾದ ಇನ್ನೊಂದು ಪದ ಕನ್ನಡದಲ್ಲಿಲ್ಲ. ಟಿಳಕವಾಡಿಯ ಎರಡನೇ ರೈಲ್ವೆ ಗೇಟಿನ ಹತ್ತಿರ ಕಾರು ನಿಂತಿತು. ಗೇಟು ಎತ್ತಿದೊಡನೆ ಆ ಕಡೆಯವರೂ ಈ ಕಡೆಯವರೂ ಇಡೀ ರಸ್ತೆಯ ತುಂಬ ನುಗ್ಗಿ ಹಳಿಗಳ ಮೇಲೆ ಮುಖಾಮುಖಿಯಾಗಿ ಸಿಕ್ಕಿಕೊಂಡು, ಒಬ್ಬರ ತಾಯಿಯನ್ನು ಒಬ್ಬರು ನೆನೆಯಲು ತೊಡಗಿದರು. ಮುಖಂಡರ ಗಮನ ಆ ಕಡೆ ಹರಿಯಿತು. ಕಿಟಕಿ ಇಳಿಸಿ ತಾವೂ ನಾಲ್ಕು ಮಾತು ಬೈದು ಹಗುರಾದರು. ಇಳಿಯುವಾಗ ನೋಡಿದರೆ ಶಾಲೆಯ ಸಂಗತಿ ಅವರಿಗೆ ಮರೆತೇಹೋಗಿತ್ತು.

ಮನೆಗೆ ಬಂದು ಸುಮಿತ್ರಾಗೆ ಇದನ್ನು ನಗೆಯ ಪ್ರಸಂಗವೆಂಬಂತೆ ಹೇಳಿದೆ. ಮುಖಂಡರ ಮುಖವನ್ನು ಅಭಿನಯಿಸಿ ತೋರಿಸಿದೆ. ಅವಳು ನಗಲಿಲ್ಲ. ಆ ಬಾಯಿ ಮನೆಗೆ ಹೇಗೆ ಹೋದಳು, ಬಸ್ಸು ಸಿಕ್ಕಿತೇ ಎಂದು ಮಾತ್ರ ಕೇಳಿದಳು. ನನಗೆ ಗೊತ್ತಿರಲಿಲ್ಲ.

ನಾಲ್ಕನೆಯ ದಿನ ಮಾರುತಿಯ ಫೋನು ಬಂತು. ಚೀಟಿಗಳ ಬಗ್ಗೆ ಬಹಳ ಜನ ಹೊಗಳಿದರೆಂದು ಹೇಳಿದ ಮೇಲೆ, ಸೋನಾಬಾಯಿಯನ್ನು ಇನ್ನು ಅಡುಗೆಗೆ ಬರಬೇಡವೆಂದು ಹೇಳಿ ಕಳಿಸಿರುವುದಾಗಿ, ಸಾಹೇಬರಿಗೆ ಅವಮಾನ ಮಾಡಿದವಳನ್ನು ಇಟ್ಟುಕೊಂಡರೆ ತನಗೆ ತೊಂದರೆಯಾಗುವುದೆಂದು ಹೇಳಿದ. ಫೋನು ಸ್ಪೀಕರಿನಲ್ಲಿತ್ತು. ಅವರೆಕಾಯಿ ಸುಲಿಯುತ್ತಿದ್ದ ಸುಮಿತ್ರಾಳ ಕೈ ನಿಂತಿತು. ಫೋನು ಇಟ್ಟ ಮೇಲೆ ಅವಳು ದನಿ ಏರಿಸಲಿಲ್ಲ.

“ಟವೆಲ್ ಒಗದಿದ್ದಕ್ಕ ನಾ ನಿಮಗ ಸುಮ್ಮನ ರಾನಟಿ ಅಂತಿದ್ದೆ,” ಎಂದಳು. “ಇದಕ್ಕೇನಂತಾರ ನಿಮ್ಮ ಪುಸ್ತಕದಾಗ?”

ನನ್ನ ಪುಸ್ತಕಗಳಲ್ಲಿ ಇದಕ್ಕೆ ವಿವೇಕ ಎನ್ನುತ್ತಾರೆ, ಸಂಯಮ ಎನ್ನುತ್ತಾರೆ, ಸಭಾಮರ್ಯಾದೆ ಎಂದೂ ಎನ್ನುತ್ತಾರೆ. ಆ ದಿನ ಮಧ್ಯಾಹ್ನ ಅವಳು ಊಟಕ್ಕೆ ಬಡಿಸಿದಳು, ಚಹಾ ಕೊಟ್ಟಳು, ಹಾಸಿಗೆಯ ಮೇಲೆ ಬಿದ್ದಿದ್ದ ಟವೆಲನ್ನು ತಾನೇ ಎತ್ತಿ ಒಣಗಹಾಕಿದಳು. ಬೈಯಲಿಲ್ಲ. ಬೈಗುಳಕ್ಕೂ ನಾನು ಅನರ್ಹನಾಗಿದ್ದೆ. ಮರುದಿನ ಬೆಳಗಿನ ಬಸ್ಸಿಗೆ ಹೊರಟೆ.

ಮಾರುತಿ ನನ್ನ ಮಾತು ಕೇಳಿ ಗಾಬರಿಯಾದ. ಅವಳಿಗೆ ಆ ಅರ್ಥ ಹೇಳಿದವನು ನಾನೇ, ಅವಳದೇನೂ ತಪ್ಪಿಲ್ಲ ಎಂದರೆ, ಸರ್, ಆಗಿದ್ದು ಆಗಿಹೋಯಿತು, ನೀವು ದೊಡ್ಡವರು ಎಂದು ನನ್ನನ್ನು ನನ್ನಿಂದಲೇ ಕಾಪಾಡಲು ನೋಡಿದ. ಮುಖಂಡರು ಅವಳನ್ನು ತೆಗೆಯಲು ಹೇಳಿದರೇ ಎಂದು ಕೇಳಿದೆ. ತಲೆ ಕೆಳಗೆ ಹಾಕಿದ. ಅವರು ಏನೂ ಹೇಳಿರಲಿಲ್ಲ; ಹೇಳಬಹುದೆಂದು ಇವನೇ ಊಹಿಸಿ, ಅವರು ಸಿಟ್ಟಾಗುವ ಮೊದಲೇ ಅವರ ಸಿಟ್ಟನ್ನು ಜಾರಿಗೆ ತಂದಿದ್ದ. ಹಿಂದೆ ದೊರೆಗಳು ಬಾಯಿಬಿಟ್ಟು ಆಜ್ಞೆ ಮಾಡಬೇಕಾಗಿತ್ತು, ಪಾಪ. ಬೆಳಗಾವಿಯ ಕ್ಯಾಂಪಿನಲ್ಲಿದ್ದ ಬಿಳಿಯ ಸಾಹೇಬರು ಇದೇ ಕಾಡಿಗೆ ಬಂದು ಹುಲಿ, ಕರಡಿಗಳನ್ನು ಹೊಡೆದು ಫೋಟೋ ತೆಗೆಸಿಕೊಂಡರೆ ಅದು ಆಟ; ಎಮ್ಮೆ ಉಳಿಸಿಕೊಳ್ಳಲು ಗೌಳಿಗ ಕೊಡಲಿ ಎತ್ತಿದರೆ ಅದು ಕ್ರೌರ್ಯ. ಆ ಪಾಠವನ್ನು ನಾನು ವರ್ಷಾನುಗಟ್ಟಲೆ ಎಷ್ಟು ಚೆನ್ನಾಗಿ ಮಾಡುತ್ತಿದ್ದೆ ಎಂದರೆ, ಮುಂದಿನ ಬೆಂಚಿನಲ್ಲಿ ಕುಳಿತು ಕಣ್ಣು ಒದ್ದೆ ಮಾಡಿಕೊಳ್ಳುತ್ತಿದ್ದವನು ಇದೇ ಮಾರುತಿ. ನಮ್ಮಿಬ್ಬರ ಕಣ್ಣೀರು ಬಿಳಿಯರ ಮಟ್ಟಿಗೆ ಸರಿಯಾಗಿ ಕೆಲಸ ಮಾಡುತ್ತಿತ್ತು.

ನಡೆದದ್ದನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಅವನ ಮೇಜಿನ ಮೇಲಿಟ್ಟೆ. ಬರೆದು ಕೊಡಬೇಡಿರೆಂದು ಬೇಡಿಕೊಂಡ. ಬಾಯಿಮಾತಿಗೆ ಅಂಜದ ನಮ್ಮ ಕಚೇರಿಗಳು ಸಹಿ ಮಾಡಿದ ಕಾಗದಕ್ಕೆ ಅಂಜುತ್ತವೆ. ಅರ್ಧ ತಾಸಿನಲ್ಲಿ ಅವನು ಅವಳನ್ನು ಮರಳಿ ಕರೆಸಲು ಒಪ್ಪಿ, ತನ್ನ ಬೈಕಿನಲ್ಲಿ ನನ್ನನ್ನು ವಾಡಾದ ದಾರಿ ಒಡೆಯುವ ತನಕ ಬಿಟ್ಟುಹೋದ. ಒಳಗೆ ಬರಲು ಅವನಿಗೆ ಮುಖವಿರಲಿಲ್ಲ. ನನಗೂ ಇರಲಿಲ್ಲ, ಆದರೆ ನಾನು ಹೋಗಲೇಬೇಕಿತ್ತು.

ಕಾಲುದಾರಿ ಹಿಡಿದು ಹೋದರೆ, ಮಣ್ಣಿನ ಗೋಡೆ, ಹುಲ್ಲಿನ ಚಾವಣಿಯ ಏಳೆಂಟು ಮನೆಗಳು. ಸೋನಾಬಾಯಿ ಅಂಗಳದಲ್ಲಿ ಸಗಣಿ ತಟ್ಟುತ್ತಿದ್ದಳು. ನನ್ನನ್ನು ನೋಡಿ ಎದ್ದು ಕೈ ತೊಳೆದುಕೊಂಡು, ಕಂಬಳಿ ಹಾಸಿ, “ಬರ್ರಿ, ಕುಂದರ್ರಿ” ಎಂದಳು. ಮುಖದಲ್ಲಿ ಸಿಟ್ಟೂ ಇರಲಿಲ್ಲ, ನಗುವೂ ಇರಲಿಲ್ಲ. ನಾನು ಕುಳಿತೊಡನೆ ಕ್ಷಮೆಯ ಪೀಠಿಕೆ ಶುರುಮಾಡಿದೆ. ಒಳಗಿನಿಂದ ಅವಳ ಅತ್ತೆ, ಕಣ್ಣು ಮಂಜಾದ ಮುದುಕಿ, ಮರಾಠಿಯಲ್ಲಿ, ಬಂದವರು ಮೊದಲು ಕುಡಿಯಲಿ, ಆಮೇಲೆ ಮಾತಾಡಲಿ ಎಂದಳು. ನಡೆದು ಬಂದವನು ದಣಿವಾರಿಸಿಕೊಳ್ಳುವ ತನಕ ಏಕೆ ಬಂದೆ ಎಂದು ಅವರಲ್ಲಿ ಕೇಳುವುದಿಲ್ಲವಂತೆ. ಹಿತ್ತಾಳೆಯ ಚೊಂಬಿನಲ್ಲಿ ಮಜ್ಜಿಗೆ ಬಂತು. ಕುಡಿದೆ. ಅಷ್ಟು ದೊಡ್ಡ ಚೊಂಬು ಖಾಲಿಯಾಗುವಷ್ಟರಲ್ಲಿ ಬಸ್ಸಿನಲ್ಲಿ ಹೊಂದಿಸಿಕೊಂಡು ಬಂದಿದ್ದ ವಾಕ್ಯಗಳೆಲ್ಲ ಕರಗಿಹೋಗಿದ್ದವು. ಉಳಿದದ್ದನ್ನು ಇದ್ದ ಹಾಗೆಯೇ ಹೇಳಿದೆ. ನಾನು ಸುಳ್ಳು ಹೇಳಿದೆ, ಆ ಪದದ ನಿಜವಾದ ಅರ್ಥ ರಾನಟಿ ಎಂದೇ, ಅವರು ನಕ್ಕಾಗ ನಾನು ಗೊತ್ತಿದ್ದೂ ಸುಮ್ಮನೆ ಕುಳಿತೆ.

“ಅರ್ಥ ನನಗ ಅವತ್ತ ತಿಳೀತ್ರಿ,” ಎಂದಳು. “ಮಂದಿ ನಗೂದು ನೋಡಿ ತಿಳೀತು. ಆದ್ರ ನಿಮಗ ಮೊದಲ ಗೊತ್ತಿತ್ತು ಅನ್ನೂದು ನೀವು ಮಾರಿ ತೆಳಗ ಹಾಕಿದ ಮ್ಯಾಲೆ ತಿಳೀತು.”

ನಾನು ಸುಮ್ಮನಿದ್ದೆ. ಈ ಸಲದ ಸುಮ್ಮನಿರುವಿಕೆಯಲ್ಲಾದರೂ ಸ್ವಲ್ಪ ಮರ್ಯಾದೆ ಇತ್ತೆಂದು ಭಾವಿಸುತ್ತೇನೆ. ಆದರೆ ಚಟ ಬಿಡುವುದಿಲ್ಲ ನೋಡಿ. ಅಂಥ ಹೊತ್ತಿನಲ್ಲೂ, ನೀವು ನಿಮ್ಮಲ್ಲಿ ರಾನಟಿ ಎಂದು ಯಾರಿಗೆ ಅನ್ನುತ್ತೀರಿ ಎಂದು ಕೇಳಿಬಿಟ್ಟೆ. ಕಾಡು ಹಂದಿಗೆ ಅನ್ನುತ್ತೇವೆ, ಅದು ಕಾಡಿನದೇ ಅಲ್ಲವೇ ಎಂದಳು. ಮನುಷ್ಯರಲ್ಲಿ ಕೆಟ್ಟ ನಡತೆಯವರಿಗೆ? ಅವಳು ಹೇಳಲು ಹಿಂದೆಮುಂದೆ ನೋಡಿದಳು. ಒಳಗಿನಿಂದ ಮುದುಕಿ ಹಲ್ಲಿಲ್ಲದ ಬಾಯಲ್ಲಿ ನಕ್ಕು ಏನೋ ಅಂದಳು. ಸೋನಾಬಾಯಿ ಅದನ್ನು ಕನ್ನಡಕ್ಕೆ ತಂದಳು, ನನ್ನ ಮುಖ ನೋಡದೆ.

“ಹುಡುಗರು ಸುಳ್ಳ ಹೇಳಿದ್ರ ನಮ್ಮತ್ತಿ, ಪ್ಯಾಟಿಯಾಂವ ಆಗಬ್ಯಾಡ ಅಂತ ಬೈತಾಳ್ರಿ.”

ನಗರದವರಿಗೆ ಕಾಡಿನವನು ಬೈಗುಳ, ಕಾಡಿನವರಿಗೆ ಪೇಟೆಯವನು ಬೈಗುಳ. ಎರಡೂ ಬರೀ ವಿಳಾಸಗಳು. ಒಂದೇ ವ್ಯತ್ಯಾಸವೆಂದರೆ ನಮ್ಮ ಬೈಗುಳಕ್ಕೆ ಅಚ್ಚಿನ ಅಕ್ಷರವೂ ಗೋಡೆಯೂ ಗಾಜಿನ ಪೆಟ್ಟಿಗೆಯೂ ಇವೆ. ಅವರದು ಅಂಗಳ ದಾಟಿ ಹೊರಗೆ ಬರುವುದಿಲ್ಲ. ಅಲ್ಲದೆ, ಅವರಾದರೂ ಒಂದು ಸುಳ್ಳನ್ನು ಕಂಡ ಮೇಲೆ ಬೈಯುತ್ತಾರೆ.

ಏಳುವಾಗ, ಕ್ಷಮಿಸಿದಿರಾ ಎಂದು ಕೇಳುವ ಬುದ್ಧಿಗೇಡಿತನವನ್ನೂ ಮಾಡಿದೆ. ಸೋನಾಬಾಯಿ ಚೊಂಬನ್ನು ತೊಳೆದಿಡುತ್ತ, ತನಗೆ ಹೇಳಿ ಏನು ಉಪಯೋಗ, ತಾನು ನಕ್ಕಿರಲಿಲ್ಲವಲ್ಲ ಎಂದಳು. ಗುರೂಜಿ ಕರೆದರೆ ಕೆಲಸಕ್ಕೆ ಬರುತ್ತೇನೆ, ಮಕ್ಕಳು ಉಣ್ಣಬೇಕು. ಆದರೆ ಕಡಗೋಲು ಮಾತ್ರ ಮನೆ ಬಿಟ್ಟು ಬರುವುದಿಲ್ಲ. “ನೀವು ನಕ್ಕಾವರ ಮುಂದ ಹೇಳ್ರಿ,” ಎಂದಳು.

ಬಿಸಿಲು ಇಳಿಯುವ ಮೊದಲು ಹೊರಟೆ. ದಾರಿಯಲ್ಲಿ ಕರಡಿ ತಿರುಗುತ್ತದೆ, ಸುಮ್ಮನೆ ಹೋಗಬೇಡಿರಿ, ಜೋರಾಗಿ ಮಾತಾಡುತ್ತ ಹೋಗಿರಿ ಎಂದು ಅವಳು ಎಚ್ಚರಿಸಿದಳು. ಮನುಷ್ಯ ಬರುವುದು ಮೊದಲೇ ತಿಳಿದರೆ ಕರಡಿ ತಾನಾಗಿ ಬದಿಗೆ ಸರಿಯುತ್ತದಂತೆ. ಸದ್ದಿಲ್ಲದೆ ಎದುರಾದರೆ ಹೆದರಿಕೊಂಡು ಮೈಮೇಲೆ ಬೀಳುತ್ತದಂತೆ. ಎರಡು ಮೈಲಿ ದಾರಿ, ಜೊತೆಗೆ ಯಾರೂ ಇಲ್ಲ. ಏನು ಮಾತಾಡುವುದು? ಶಾಲೆಯಲ್ಲಿ ಆಡಬೇಕಾದ ಮಾತನ್ನೇ ಗಟ್ಟಿಯಾಗಿ ಆಡುತ್ತ ನಡೆದೆ. ‘ಮಕ್ಕಳೇ, ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ತಪ್ಪು ಹೇಳಿಕೊಟ್ಟವನು ನಾನು’ ಎಂದು ಮತ್ತಿಮರಗಳಿಗೆ ಹೇಳಿದೆ, ಹುತ್ತಗಳಿಗೆ ಹೇಳಿದೆ. ಮೊದಮೊದಲು ದನಿ ಹೊರಡಲಿಲ್ಲ. ಬಲಗಡೆಯ ಪೊದೆಯಲ್ಲಿ ಏನೋ ಸರಸರವೆಂದಾಗ ಬಹಳ ಸ್ಪಷ್ಟವಾಗಿ ಹೊರಟಿತು. ವೇದಿಕೆಯ ಮೇಲೆ ಪೊದೆಯ ಸದ್ದು ಇರುವುದಿಲ್ಲ, ಅದೇ ತೊಂದರೆ.

ಸೋಮವಾರ ಮಾರುತಿ ನನಗೆ ಬಿಸಿಯೂಟಕ್ಕೆ ಮೊದಲಿನ ಹತ್ತು ನಿಮಿಷ ಕೊಟ್ಟ. ಮಕ್ಕಳು ತಾಟು ಹಿಡಿದು ವರಾಂಡಾದಲ್ಲಿ ಸಾಲಾಗಿ ಕುಳಿತಿದ್ದರು. ಶಿಕ್ಷಕರು ಕಂಬಗಳಿಗೆ ಒರಗಿ ನಿಂತಿದ್ದರು. ಹೇಳಬೇಕಾದ್ದನ್ನು ಹೇಳಿದೆ. ಚೀಟಿ ಬರೆದವನು ನಾನು, ಸುಳ್ಳು ಅರ್ಥ ಹೇಳಿದವನು ನಾನು, ನೀವು ನಗುವಾಗ ಬಾಯಿ ಮುಚ್ಚಿ ಕುಳಿತವನೂ ನಾನು; ನಗಬೇಕಾಗಿದ್ದರೆ ನನ್ನನ್ನು ನೋಡಿ ನಗಬೇಕಿತ್ತು ಎಂದೆ. ಯಾರೂ ನಗಲಿಲ್ಲ. ಒಬ್ಬ ಶಿಕ್ಷಕಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನೆಲ ನೋಡಿದರು. ಮಾರುತಿ ಮುಂದೆ ಬಂದು, ತನ್ನದೂ ತಪ್ಪಾಯಿತು ಎಂದು ಒಂದೇ ಮಾತು ಹೇಳಿ ಹಿಂದೆ ಸರಿದ. ಆ ಚೀಟಿಯನ್ನು ಅವನು ಅಂದು ಬೆಳಿಗ್ಗೆಯೇ ಕೆರೆದು ತೆಗೆದಿದ್ದ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮಕ್ಕಳು ಅಷ್ಟು ಶಾಂತವಾಗಿ ಕುಳಿತದ್ದು ನೋಡಿ ನನ್ನೊಳಗಿನ ಮೇಷ್ಟ್ರಿಗೆ ಹುರುಪು ಬಂತು. ಪಶ್ಚಾತ್ತಾಪವೂ ಒಂದು ಸೊಗಸಾದ ಭಾಷಣವಾಗಬಲ್ಲದು ಎಂದು ಹೊಳೆದೊಡನೆ ಗಂಟಲು ಸರಿಮಾಡಿಕೊಂಡು, ಗ್ರೀಕರಿಂದ ಹಿಡಿದು ಶುರುಮಾಡಿದೆ. ಬರ್ಬರ ಮುಗಿದು ಮ್ಲೇಚ್ಛಕ್ಕೆ ಕಾಲಿಡುತ್ತಿದ್ದೆ. ಅಡುಗೆಮನೆಯ ಬಾಗಿಲಲ್ಲಿ ಸೋನಾಬಾಯಿ ಸೌಟು ಹಿಡಿದು ನಿಂತಿದ್ದಳು.

“ಸರ್, ಹೇಳೂದು ಹೇಳೀರಿ,” ಎಂದಳು. “ಅನ್ನ ಆರಾಕತ್ತೈತಿ.”

ಮಕ್ಕಳು ಒಮ್ಮೆಲೇ ತಾಟು ಸದ್ದು ಮಾಡಿದರು. ನಾನು ಗ್ರೀಕರನ್ನು ಅಲ್ಲಿಯೇ ಬಿಟ್ಟು, ಸಾಲಿನ ಕೊನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತೆ. ಅವಳು ನನಗೂ ಒಂದು ತಾಟು ಇಟ್ಟಳು, ಅನ್ನ ಹಾಕಿದಳು, ಸಾರು ಸುರಿದಳು. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟಿದ್ದೆ. ಕಲಸಿ ತುತ್ತೆತ್ತಿದೆ.

“ಎಲ್ಲಾರಿಗೂ ನೀಡೂ ಮಟಾ ತಡೀರಿ, ಸರ್,” ಎಂದು ಹೇಳಿ ಅವಳು ಮುಂದಿನ ಸಾಲಿಗೆ ಹೋದಳು.

ತುತ್ತನ್ನು ತಾಟಿಗೆ ಇಳಿಸಿ ಕಾಯುತ್ತ ಕುಳಿತೆ. ಇನ್ನೂ ಎರಡು ಸಾಲು ಬಾಕಿ ಇದ್ದವು. ನಾಗರಿಕತೆಯ ಬಗ್ಗೆ ಆ ಹೊತ್ತಿನಲ್ಲಿ ನನಗೆ ಯಾವ ವಿಚಾರವೂ ಹೊಳೆಯಲಿಲ್ಲ. ಹಸಿವೆಯಾಗಿತ್ತು, ಕಾಯುತ್ತಿದ್ದೆ.